ಒಂಬತ್ತು ಚೌಕದ ನೆಲ

ನಮ್ಮ ಅಂಗಡಿಯಲ್ಲಿ ಜನ ನೆಲವನ್ನು ಕೈಯಲ್ಲಿ ಹಿಡಿದು ಆರಿಸುತ್ತಿದ್ದರು. ಕಾಂಕ್ರೀಟ್ ನೆಲಕ್ಕೆ ಬಳಿಯುವ ಲೇಪಗಳನ್ನು ಮಾರುವ ಅಂಗಡಿ ಅದು. ಅಂಗೈಯಗಲದ ಸಿಮೆಂಟ್ ಬಿಲ್ಲೆಗಳ ಮೇಲೆ ಒಂದೊಂದು ಬಗೆಯ ಲೇಪ ಬಳಿದು, ಒಣಗಿಸಿ, ಗೋಡೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಗಿರಾಕಿಗಳು ಅವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು. ಗಂಡ ಒಂದು ಅಂದರೆ ಹೆಂಡತಿ ಇನ್ನೊಂದು ಅಂದು, ಕೊನೆಗೆ ಯಾವುದೋ ಒಂದನ್ನು ಒಪ್ಪಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಕೆಲಸ ಮುಗಿದ ಮೇಲೆ ಎಷ್ಟೋ ಜನ ಮುಖ ಊದಿಸಿಕೊಂಡು ತಿರುಗಿ ಬರುತ್ತಿದ್ದರು.

"ಕೈಯಲ್ಲಿ ಹಿಡಿದಾಗ ಮೋಡದ ಥರ ಇತ್ತು ಕಣ್ರೀ. ಈಗ ಹಾಲ್‌ಗೆ ಕಾಲಿಟ್ರೆ ಆಸ್ಪತ್ರೆಗೆ ಬಂದ ಹಾಗಾಗುತ್ತೆ," ಎಂದು ಒಬ್ಬ ಟೀಚರು ಬೂದು ಬಣ್ಣದ ಬಿಲ್ಲೆಯನ್ನು ಮೇಜಿನ ಮೇಲೆ ಕುಕ್ಕಿದ್ದರು.

"ಅಮ್ಮಾ, ಇದೇನು ಬಟ್ಟೆನಾ, ಅಳತೆ ಸರಿಯಿಲ್ಲ ಅಂತ ಬದಲಾಯಿಸಿ ಕೊಡೋಕೆ?" ಎಂದಿದ್ದರು ಅಂಗಡಿಯ ಯಜಮಾನರು. ಅವರು ಎಲ್ಲರಿಗೂ ನಗುತ್ತಲೇ 'ಇಲ್ಲ' ಅನ್ನುವವರು.

ನಾನು ಮೂಲೆಯಿಂದ ನೋಡುತ್ತಿದ್ದೆ. ಗಂಡಸರು ಗ್ಯಾರಂಟಿಯ ಮಾತಾಡುತ್ತಿರುವಾಗ ಕೆಲವು ಹೆಂಗಸರು ಮೇಜಿನ ಕೆಳಗೆ ಮೆಲ್ಲಗೆ ಚಪ್ಪಲಿಯಿಂದ ಕಾಲು ತೆಗೆದು ಅಂಗಡಿಯ ನೆಲಕ್ಕೆ ಪಾದ ಉಜ್ಜುತ್ತಿದ್ದರು. ತಣ್ಣಗಿದೆಯೇ, ಜಾರುತ್ತದೆಯೇ, ತರಿತರಿಯಾಗಿದೆಯೇ ಎಂದು ಅವರಿಗೆ ತಿಳಿಯಬೇಕಿತ್ತು. ನಾನು ಮಾಡಿದ ಬಿಲ್ಲೆಗಳು ಅದನ್ನು ಹೇಳುತ್ತಿರಲಿಲ್ಲ.

ಇದನ್ನು ನಾನು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟು ಅಲ್ಲಿ ಸೇರಿದಾಗಿನಿಂದ ನನ್ನ ಮಾತೆಲ್ಲ 'ಹೂಂ', 'ಇಲ್ಲ', 'ತರ್ತೀನಿ' ಇಷ್ಟರಲ್ಲೇ ಮುಗಿಯುತ್ತಿತ್ತು. ಯಜಮಾನರು ನನ್ನನ್ನು ಗುಬ್ಬಚ್ಚಿ ಎಂದು ಕರೆಯುತ್ತಿದ್ದರು. ಗುಬ್ಬಚ್ಚಿಯಾದರೂ ಚಿಲಿಪಿಲಿ ಅನ್ನುತ್ತದೆ.

ನಾನು ಬಾಯಿ ತುಂಬ ಮಾತಾಡುತ್ತಿದ್ದದ್ದು ಅಣ್ಣನ ಜೊತೆ ಮಾತ್ರ. ಅವನಿಗೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಮೊಬೈಲ್ ಅಂಗಡಿ, ಕೊರಿಯರ್, ಜಿಮ್, ಎಲ್ಲಿಗೆ ಹೋದರೂ ಅಲ್ಲಿನ ಮ್ಯಾನೇಜರಿಗೇ ಬುದ್ಧಿ ಹೇಳಿ ಮನೆಗೆ ಬರುತ್ತಿದ್ದ. ಆದರೆ ಸಂಜೆ ನಾನು ಬಂದು ಮೆಟ್ಟಿಲ ಮೇಲೆ ಕೂತರೆ ಪಕ್ಕಕ್ಕೆ ಬಂದು ಕೂರುತ್ತಿದ್ದ.

"ಇವತ್ತು ಯಾರ ಮನೆ ನೆಲ ಹಾಳಾಯ್ತು, ಹೇಳು," ಅನ್ನುತ್ತಿದ್ದ.

ನಾನು ಹೇಳುತ್ತಿದ್ದೆ. ಟೀಚರಮ್ಮನ ಆಸ್ಪತ್ರೆಯ ಕಥೆ ಹೇಳಿದ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ, ನನ್ನೊಳಗೆ ಬಹಳ ದಿನದಿಂದ ಇದ್ದದ್ದು ತಾನಾಗಿ ಹೊರಗೆ ಬಂತು.

"ನೆಲ ನಡೆದು ನೋಡೋ ವಸ್ತು ಅಣ್ಣ. ಒಂದು ರೂಮು ಪೂರ್ತಿ ಚೌಕ ಚೌಕ ಮಾಡಿ, ಒಂದೊಂದ್ರಲ್ಲಿ ಒಂದೊಂದು ಲೇಪ ಹಾಕಿಡಬೇಕು. ಚಪ್ಪಲಿ ಬಿಟ್ಟು ನಡೀಲಿ. ನೀರು ಚೆಲ್ಲಿ ನಡೀಲಿ. ಕುರ್ಚಿ ಎಳೆದಾಡಲಿ. ಆಮೇಲೆ ಯಾವುದು ಬೇಕು ಹೇಳಲಿ."

ಅಣ್ಣ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟ. "ಇದನ್ನ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ." ರಸ್ತೆಯ ಕಡೆ ಕೈ ತೋರಿಸಿ ಅಂದ: "ಅಪ್ಪನ ಗ್ಯಾರೇಜು ಸುಮ್ನೆ ಬಿದ್ದಿದೆಯಲ್ಲ ಪುಟ್ಟಿ, ರಸ್ತೆಗೇ ಬಾಗಿಲು. ಅದನ್ನ ನೀನಿಟ್ಕೋ. ನಿನ್ನದೇ ಅಂಗಡಿ ಮಾಡು."

ಅಮ್ಮ ಒಳಗೆ ಒಣಗಿದ ಬಟ್ಟೆ ಮಡಚುತ್ತಿದ್ದರು. "ಇಟ್ಕೊಳ್ಳಲಿ ಬಿಡು. ಇಲಿಗಳನ್ನ ಒಂದು ಮಾತು ಕೇಳಿದ್ರೆ ಆಯ್ತು," ಅಂದರು. ಮೂವರೂ ನಕ್ಕೆವು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಕಡಿಮೆ.

ಅಪ್ಪ ಆ ಕೋಣೆಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದವರು. ನೆಲಕ್ಕೆ ಆಯಿಲ್ ಇಳಿದು ಕಪ್ಪಾಗಿತ್ತು. ಎಣ್ಣೆ ಕುಡಿದ ಕಾಂಕ್ರೀಟಿಗೆ ಯಾವ ಲೇಪವೂ ಹಿಡಿಯುವುದಿಲ್ಲ, ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಎಣ್ಣೆ ತೆಗೆಯುವ ಪುಡಿ ಹಾಕಿ ತಿಕ್ಕಿದೆ, ತೊಳೆದೆ, ಮತ್ತೆ ತಿಕ್ಕಿದೆ. ನೀರಿನ ಹನಿ ಬಿಟ್ಟಾಗ ಅದು ಮುತ್ತಿನ ಹಾಗೆ ನಿಂತರೆ ಎಣ್ಣೆ ಇನ್ನೂ ಇದೆ ಎಂದು ಅರ್ಥ, ಒಳಗೆ ಇಂಗಿದರೆ ಹೋಯಿತು ಎಂದು. ಎಲ್ಲ ಕಡೆ ಹನಿ ಇಂಗುವವರೆಗೂ ನಾನು ಬಿಡಲಿಲ್ಲ.

ನೆಲ ಉಜ್ಜಲು ಗ್ರೈಂಡಿಂಗ್ ಮೆಷಿನ್ ಬೇಕಿತ್ತು. ಅಂಗಡಿಯಲ್ಲಿತ್ತು, ಆದರೆ ಕೇಳಬೇಕು.

"ಯಜಮಾನ್ರ ಹತ್ರ ನಾನು ಮಾತಾಡ್ತೀನಿ," ಅಂದ ಅಣ್ಣ. "ನೀನು ಬಾಯಿ ಬಿಡೋಷ್ಟರಲ್ಲಿ ಅವರು ಶಟರ್ ಎಳೆದು ಮನೆಗೆ ಹೋಗಿರ್ತಾರೆ."

ಅವನು ಹೋಗಿ ಮಾತಾಡಿ ಬಂದ. ಮೆಷಿನ್ ಬಂತು, ಜೊತೆಗೆ ಅರ್ಧ ಉಳಿದ ಡಬ್ಬಗಳೂ ಬಂದವು. ಇಷ್ಟು ಸಲೀಸಾಗಿ ಮಾತಾಡುವ ಅಣ್ಣ ಇರುವುದು ನನ್ನ ಪುಣ್ಯ ಅಂದುಕೊಂಡೆ.

ಕೋಣೆಗೆ ಒಂಬತ್ತು ಚೌಕ ಎಳೆದೆ. ಬಾಗಿಲ ಹತ್ತಿರದ್ದಕ್ಕೆ ಕನ್ನಡಿಯಂತೆ ಹೊಳೆಯುವ ದಪ್ಪ ಲೇಪ, ಏಕೆಂದರೆ ಒಳಗೆ ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿ. ಅದರ ಪಕ್ಕದಲ್ಲಿ ಬಣ್ಣದ ಚಿಪ್ಸ್, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳನ್ನು ಉದುರಿಸಿದ್ದು. ಆಮೇಲೆ ನುಣ್ಣನೆಯ ಮರಳು ಬೆರೆಸಿದ್ದು, ಅದು ಬಚ್ಚಲಿಗೆ ಮತ್ತು ವಯಸ್ಸಾದವರಿರುವ ಮನೆಗೆ. ನಡುವಿನ ಚೌಕದಲ್ಲಿ ಕಾಂಕ್ರೀಟಿನೊಳಗೇ ಇಳಿಯುವ ಕಂದು ಬಣ್ಣ. ಅದು ಎಲ್ಲಿ ಗಾಢವಾಗುತ್ತದೆ, ಎಲ್ಲಿ ತಿಳಿಯಾಗುತ್ತದೆ ಎಂದು ಹಾಕುವವರಿಗೂ ಗೊತ್ತಿರುವುದಿಲ್ಲ. ನಮ್ಮ ನೆಲದಲ್ಲಿ ಅದು ಹಳೆಯ ಚರ್ಮದ ಚೀಲದ ಹಾಗೆ ಬಂತು. ಗೋಡೆಯ ಕಡೆಯ ಒಂದು ಚೌಕ ನೋಡಲು ಬರಿಯ ಕಾಂಕ್ರೀಟೇ. ಅದಕ್ಕೆ ಹಾಕಿದ್ದು ಒಳಗೆ ಇಂಗಿ ನೀರನ್ನು ತಡೆಯುವ ದ್ರಾವಣ. ಕಣ್ಣಿಗೆ ಏನೂ ಕಾಣದು, ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಮಂಡಿಯೂರಿ ಕೆಲಸ ಮಾಡುವಾಗ ಅಣ್ಣ ಮಗುಚಿದ ಬಕೆಟ್ ಮೇಲೆ ಕೂತು ಕೇಳುತ್ತಿದ್ದ. ಇದು ಅಡುಗೆಮನೆಗೆ ಆಗುತ್ತಾ? ಬಿಸಿಲಿಗೆ ಹಳದಿಯಾಗುವುದು ಯಾವುದು? ಸಣ್ಣ ಮಕ್ಕಳಿರುವ ಮನೆಯವರು ಬಂದರೆ ಏನು ಹೇಳಬೇಕು? ನಾನು ಕೈಯಾಡಿಸುತ್ತಲೇ ಉತ್ತರ ಕೊಡುತ್ತಿದ್ದೆ.

"ಪರೀಕ್ಷೆಗೆ ಹೀಗೆ ಓದಿದ್ರೆ ಇಷ್ಟು ಹೊತ್ತಿಗೆ ನೀನು ಕಲೆಕ್ಟರ್ ಆಗಿರ್ತಿದ್ದೆ," ಎಂದು ಅಮ್ಮ ಒಮ್ಮೆ ಅವನಿಗೆ ಟೀ ಕೊಡುತ್ತಾ ಅಂದರು. ಅವನು ನಕ್ಕ, ಆದರೆ ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಗಮನಿಸಿದೆ. ಆದರೂ ಏನೂ ಅನ್ನಿಸಲಿಲ್ಲ.

ಬಾಗಿಲ ಹತ್ತಿರದ ಹೊಳೆಯುವ ಚೌಕಕ್ಕೆ ಇನ್ನೊಂದು ಕೋಟ್ ಬಾಕಿಯಿತ್ತು. ಆ ವಾರ ಅಂಗಡಿಯಲ್ಲಿ ನಾನು ಸ್ಟ್ಯಾಂಡಿನ ಹಿಂದೆ ಕೂತು ಚಿಪ್ಸ್ ಬೇರ್ಪಡಿಸುತ್ತಿದ್ದೆ. ಆಚೆ ಕಡೆ ಯಜಮಾನರು ಒಬ್ಬ ಡಾಕ್ಟರ ಹತ್ತಿರ ಮಾತಾಡುತ್ತಿದ್ದರು. ಡಾಕ್ಟರಿಗೆ ಕ್ಲಿನಿಕ್ಕಿನ ನೆಲಕ್ಕೆ ಯಾವುದು ಎಂದು ತೋಚುತ್ತಿರಲಿಲ್ಲ.

"ಸೋಮವಾರದವರೆಗೆ ತಡೀರಿ ಡಾಕ್ಟ್ರೇ. ನಮ್ದೊಂದು ಹೊಸ ಶೋರೂಮ್ ಶುರುವಾಗ್ತಿದೆ. ನೆಲದ ಮೇಲೆ ನಡೆದು ನೋಡಿಯೇ ಆರಿಸಬಹುದು. ಇಂಥದ್ದು ಸುತ್ತಮುತ್ತ ಎಲ್ಲೂ ಇಲ್ಲ."

"ಒಳ್ಳೇ ಐಡಿಯಾ ಕಣ್ರೀ. ನಿಮ್ದಾ?"

"ನಂದಲ್ಲಪ್ಪ, ನಂಗೆಲ್ಲಿ ಬರಬೇಕು! ನಮ್ಮ ಹುಡುಗಿಯ ಅಣ್ಣಂದು. ಚುರುಕು ಹುಡುಗ. ಒಂದಿನ ಬಂದು ಹೀಗೆ ಹೀಗೆ ಸಾರ್ ಅಂದ, ರೂಮೂ ನಮ್ದೇ ಇದೆ ಅಂದ. ಅವನನ್ನೇ ಅಲ್ಲಿ ಮ್ಯಾನೇಜರ್ ಮಾಡಿದೀನಿ."

ನನ್ನ ಕೈಯಿಂದ ಚಿಪ್ಸ್ ಡಬ್ಬ ಜಾರಿ ಬಿತ್ತು. ಕೆಂಪು, ಬಿಳಿ, ಕಪ್ಪು ಚೂರುಗಳು ನೆಲದ ತುಂಬ ಹರಡಿದವು. ಡಾಕ್ಟರು ಹೋದ ಮೇಲೆ ಯಜಮಾನರು ಸ್ಟ್ಯಾಂಡಿನ ಹಿಂದೆ ಬಂದರು.

"ಏನ್ ಗುಬ್ಬಚ್ಚಿ, ರಂಗೋಲಿ ಹಾಕ್ತಿದೀಯಾ?"

ನಾನು ತಲೆಯೆತ್ತಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವರು ನಗು ನಿಲ್ಲಿಸಿದರು.

"ಯಾಕೆ, ನಿಂಗೆ ಗೊತ್ತಿದೆ ತಾನೇ? ಮೊದ್ಲು ನಿನ್ನನ್ನೇ ಅಲ್ಲಿ ಕೂರಿಸೋಣ ಅಂತಿದ್ದೆ. ನಿಮ್ಮಣ್ಣ ಹೇಳ್ದ, ಅವಳಿಗೆ ಜನ ಅಂದ್ರೆ ಭಯ ಸಾರ್, ಅವಳಾಗೇ ನಂಗೆ ಬಿಟ್ಟುಕೊಟ್ಟಿದಾಳೆ ಅಂತ."

ನಾನು "ಹೂಂ" ಅಂದೆ. ಅಭ್ಯಾಸದ ಬಲ. ಆಮೇಲೆ ಬಗ್ಗಿ ಚಿಪ್ಸ್ ಆರಿಸತೊಡಗಿದೆ. ನೆಲ ಮಸುಕಾಗಿ ಕಾಣುತ್ತಿತ್ತು.

ಮನೆಗೆ ಬಂದಾಗ ಅಣ್ಣ ಗ್ಯಾರೇಜಿನ ಬಾಗಿಲಿಗೆ ಹೊಸ ಬೀಗ ಹಾಕಿ ನೋಡುತ್ತಿದ್ದ.

"ನಾನು ಯಾವಾಗ ಬಿಟ್ಟುಕೊಟ್ಟೆ?" ಎಂದು ಕೇಳಿದೆ.

ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದ ಹಾಗೆ ನಟಿಸಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

"ಒಳಗೆ ಬಾ, ರಸ್ತೇಲಿ ಬೇಡ," ಅಂದ. ಒಳಗೆ ಅಮ್ಮ ಇದ್ದರು. "ನೋಡು ಪುಟ್ಟಿ, ನಾನೇ ಹೇಳ್ಬೇಕು ಅಂತಿದ್ದೆ. ನೀನೇ ಯೋಚ್ನೆ ಮಾಡು, ಗಿರಾಕಿ ಬಂದ್ರೆ ನೀನು ಏನ್ ಮಾಡ್ತೀಯ? ಕಂಬದ ಹಿಂದೆ ನಿಂತ್ಕೋತೀಯ. ಬನ್ನಿ ಕೂತ್ಕೊಳ್ಳಿ ಅನ್ನೋಕೂ ನಿನ್ನ ಬಾಯಲ್ಲಿ ಬರಲ್ಲ."

"ನಿನ್ನ ಹತ್ರ ಬರ್ತಿತ್ತಲ್ಲ."

"ನಾನು ಅಣ್ಣ ಕಣೇ."

"ಅದಕ್ಕೇ ಹೇಳ್ದೆ."

ಅವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ನಾನು ಅಮ್ಮನ ಕಡೆ ನೋಡಿದೆ. ಅಮ್ಮನಿಗೆ ಆಶ್ಚರ್ಯವಾಗಿಲ್ಲ ಎಂದು ಆಗ ಗೊತ್ತಾಯಿತು.

"ನಿನಗೂ ಗೊತ್ತಿತ್ತಾ ಅಮ್ಮ?"

"ಗೊತ್ತಿದ್ರೇನು, ಇಲ್ಲದಿದ್ರೇನು," ಅಂದರು ಅಮ್ಮ. "ಮದುವೆ ಮಾತಿಗೆ ಬಂದವರೆಲ್ಲ ಹುಡುಗ ಏನ್ ಮಾಡ್ಕೊಂಡಿದಾನೆ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ಮನೇಲಿ ಕೂತಿದಾನೆ ಅನ್ಲಾ? ನೀನು ಹೇಗೂ ಕೈ ಕೆಲಸ ಬಲ್ಲವಳು. ಅವನಿಗೆ ಬಾಯಿ ಬಿಟ್ರೆ ಏನಿದೆ? ಮನೆ ಒಳಗೇ ಇರುತ್ತಲ್ಲ, ಹೊರಗಿನವರಿಗೆ ಹೋಯ್ತಾ?"

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ," ಅಂದ ಅಣ್ಣ.

ಅವತ್ತಿನಿಂದ ನಾನು ಅವನೊಡನೆ ಮಾತು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಸಂಜೆ ಬಂದರೆ ಹೇಳಲು ಏನೂ ಇರುತ್ತಿರಲಿಲ್ಲ. ಮಂಡಿಯೂರಿ ನಾನು ಹೇಳಿದ ಒಂದೊಂದು ಮಾತೂ ನೆನಪಾಗುತ್ತಿತ್ತು, ಅವನ ಒಂದೊಂದು ಪ್ರಶ್ನೆಯೂ. ಸಣ್ಣ ಮಕ್ಕಳಿರುವ ಮನೆಯವರು ಬಂದರೆ ಏನು ಹೇಳಬೇಕು? ಯಾರು ಹೇಳಬೇಕು ಎಂದು ಅವನು ಅಂದಿರಲಿಲ್ಲ, ನಾನೂ ಕೇಳಿರಲಿಲ್ಲ. ತಂಗಿಯ ಮಾತು ಕೇಳುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ಪಾಠ ಹೇಳಿಸಿಕೊಳ್ಳುತ್ತಿದ್ದ.

ಬಾಕಿಯಿದ್ದ ಆ ಕೋಟ್ ಹಾಕು ಎಂದು ನನ್ನನ್ನು ಕರೆಯಲು ಅವನಿಗೆ ಮುಖವಿರಲಿಲ್ಲ. ಶನಿವಾರ ನಾನು ಅಂಗಡಿಗೆ ಹೋದ ಮೇಲೆ ತಾನೇ ಹಾಕಲು ಹೊರಟ. ಎರಡು ಡಬ್ಬದ ದ್ರವ ಬೆರೆಸಬೇಕು ಎಂದು ಅವನಿಗೆ ಗೊತ್ತಿತ್ತು, ನೋಡಿದ್ದ. ಆದರೆ ನಾನು ಪ್ರತಿಸಲ ಆ ಹೊತ್ತಿಗೆ ಬೇಕಾದಷ್ಟನ್ನೇ ಸಣ್ಣ ಮಗ್ಗಿನಲ್ಲಿ ಅಳೆದು ಬೆರೆಸುತ್ತಿದ್ದೆ. ಅದು ಯಾಕೆ ಎಂದು ಅವನು ಕೇಳಿರಲಿಲ್ಲ, ಆದ್ದರಿಂದ ನಾನು ಹೇಳಿರಲಿಲ್ಲ. ಬೆರೆಸಿದ ಮೇಲೆ ಅದು ಒಳಗೊಳಗೇ ಬಿಸಿಯಾಗುತ್ತದೆ. ಡಬ್ಬದಲ್ಲೇ ಬಿಟ್ಟರೆ ನೋಡನೋಡುತ್ತ ಕಲ್ಲಾಗುತ್ತದೆ. ಅವನು ಇಡೀ ಡಬ್ಬ ಬೆರೆಸಿಬಿಟ್ಟಿದ್ದ.

ಸಂಜೆ ನಾನು ಬಂದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು, ಒಳಗೆ ಲೈಟ್ ಹಾಕಿತ್ತು. ಇಡೀ ನೆಲ ಹೊಳೆಯುತ್ತಿತ್ತು. ಒಂದು ಚೌಕ ಅಲ್ಲ, ಒಂಬತ್ತೂ.

"ಡಬ್ಬ ಕೈಯಲ್ಲೇ ಸುಡೋಕೆ ಶುರುವಾಯ್ತು ಪುಟ್ಟಿ," ಅಂದ ಅಣ್ಣ. ಅವನ ಮೊಣಕೈಯವರೆಗೂ ಅಂಟು. "ಗಟ್ಟಿಯಾಗಿ ಹಾಳಾಗುತ್ತಲ್ಲ ಅಂತ ಎಲ್ಲ ಕಡೆ ಎಳೆದ್ಬಿಟ್ಟೆ. ಮೇಲೊಂದು ರಕ್ಷಣೆ ಇದ್ರೆ ಒಳ್ಳೇದೇ ಅಲ್ವಾ? ನೋಡು, ಮುಖ ಕಾಣುತ್ತೆ."

ಮರಳಿನ ಚೌಕದ ತರಿ ಮುಚ್ಚಿಹೋಗಿತ್ತು. ಚರ್ಮದಂತಿದ್ದ ಕಂದು ಈಗ ಗಾಜಿನ ಕೆಳಗಿನ ಫೋಟೋದ ಹಾಗಿತ್ತು. ಗೋಡೆಯ ಕಡೆಯ ಚೌಕದಲ್ಲಿ ಲೇಪ ಹಿಡಿಯದೆ ತೂತುತೂತಾಗಿ ಸರಿದು ನಿಂತಿತ್ತು. ಬಾಗಿಲಲ್ಲೇ ಬಗ್ಗಿ ಅಂಚನ್ನು ಬೆರಳಿನಿಂದ ಮುಟ್ಟಿದೆ. ಬೆರಳು ಅಂಟಲಿಲ್ಲ. ಒರೆಸಿ ತೆಗೆಯುವ ಹೊತ್ತು ಆಗಲೇ ಮೀರಿತ್ತು.

ಭಾನುವಾರ ಬೆಳಿಗ್ಗೆ ಯಜಮಾನರು ನೋಡಲು ಬಂದರು. ಬೂಟು ಬಿಟ್ಟು, ಪ್ಯಾಂಟು ಮಡಚಿ, ಮಕ್ಕಳ ಹಾಗೆ ಖುಷಿಯಾಗಿ ಒಳಗೆ ಕಾಲಿಟ್ಟರು. ಒಂದು ಚೌಕ ದಾಟಿದರು, ಇನ್ನೊಂದು ದಾಟಿದರು. ನಡುವೆ ನಿಂತುಬಿಟ್ಟರು.

"ಇದೇನೋ ಇದು, ಎಲ್ಲಾ ಒಂದೇ ಥರ ಇದೆ? ಜಾರೋದೂ ಒಂದೇ, ತಣ್ಣಗಿರೋದೂ ಒಂದೇ. ಇದಕ್ಕೆ ಯಾಕೆ ನಡೀಬೇಕು, ದೂರದಿಂದ ನೋಡಿದ್ರೆ ಸಾಕಲ್ಲ!"

ಅಣ್ಣನ ಮುಖದ ಬಣ್ಣ ಇಳಿಯಿತು. ಅವನು ನನ್ನ ಕಡೆ ತಿರುಗಿದ. ನಿಜ ಹೇಳುತ್ತಾನೆ ಅಂದುಕೊಂಡೆ. ಡಬ್ಬ ಬಿಸಿಯಾಯಿತು ಸಾರ್ ಎಂದು ನಗುತ್ತ ಹೇಳಿಬಿಡುತ್ತಾನೆ, ಮಾತಿನಲ್ಲಿ ಅವನಿಗೆ ಎಂದೂ ಸೋಲಿಲ್ಲ ಅಂದುಕೊಂಡೆ.

"ಕೊನೇ ಕೋಟ್ ಅವಳು ಹಾಕಿದ್ದು ಸಾರ್," ಅಂದ. "ಈಚೆಗೆ ಸ್ವಲ್ಪ ಕೋಪದಲ್ಲಿದ್ಲು."

ಯಜಮಾನರು ನನ್ನನ್ನು ನೋಡಿದರು. "ಹೌದಾ ಗುಬ್ಬಚ್ಚಿ?"

"ಇಲ್ಲ," ಅಂದೆ.

ಅದು ಅಂಗಡಿಯಲ್ಲಿ ದಿನವೂ ನಾನು ಹೇಳುವ 'ಇಲ್ಲ'. ಕಂದು ಬಿಲ್ಲೆ ಇದೆಯಾ, ಇಲ್ಲ. ಟೀ ಕುಡಿದ್ಯಾ, ಇಲ್ಲ. ಬೇರೆ ಬಗೆಯ 'ಇಲ್ಲ' ನನ್ನ ಹತ್ತಿರ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದೆ. ನಿನ್ನೆ ಇಡೀ ದಿನ ಮನೆಯಲ್ಲೇ ಇದ್ದ ಅಮ್ಮ ಸೆರಗಿನ ತುದಿ ನೋಡುತ್ತಿದ್ದರು.

"ಯಾರು ಹಾಕಿದ್ರೋ ಬಿಡಿ, ಅಣ್ಣ ತಂಗಿ ಜಗಳ ನಂಗೆ ಬೇಡ," ಎಂದು ಯಜಮಾನರು ಬೂಟು ಹಾಕಿಕೊಂಡರು. "ನಾಳೆ ಇಲ್ಲದಿದ್ರೆ ಮುಂದಿನ ಸೋಮವಾರ. ಸರಿಮಾಡಿ ಹೇಳಿ ಕಳಿಸಿ."

ಅವರು ಹೋದ ಮೇಲೆ ಅಣ್ಣ ಮಗುಚಿದ ಬಕೆಟ್ ಮೇಲೆ ಕೂತ. ಬಗ್ಗಿ ನೆಲವನ್ನು ಉಗುರಿನಿಂದ ಕೆರೆದು, "ಇದನ್ನ ತೆಗೀಬಹುದಾ?" ಎಂದು ಕೇಳಿದ.

ತೆಗೆಯಬಹುದಿತ್ತು. ಎರಡು ಮೂರು ಚೌಕ ಉಳಿಸಬಹುದಿತ್ತು, ಉಳಿದವನ್ನು ಉಜ್ಜಿ ಹೊಸದಾಗಿ ಹಾಕಬೇಕಿತ್ತು. ವಾರವಿಡೀ ಕೂತರೆ ಆಗುತ್ತಿತ್ತು.

"ಮಾಡಿಕೊಡ್ತೀನಿ," ಅಂದೆ. "ಮೊದ್ಲು ನೀನು ಹೋಗಿ ಯಜಮಾನ್ರಿಗೆ ಹೇಳಿ ಬಾ. ಈ ಯೋಚನೆ ತಂಗೀದು, ಅವಳು ಬಿಟ್ಟುಕೊಟ್ಟಿರಲಿಲ್ಲ, ನೆಲ ಹಾಳುಮಾಡಿದ್ದು ನಾನು ಅಂತ."

"ಹೇಳಿದ್ರೆ ರೂಮ್ ಬಿಡ್ಬೇಕಾ?"

"ಬೇಡ. ರೂಮ್ ನೀನೇ ಇಟ್ಕೋ. ಮ್ಯಾನೇಜರೂ ನೀನೇ ಆಗು. ಇಷ್ಟು ಹೇಳಿ ಬಾ ಸಾಕು."

"ಅಷ್ಟೇನಾ?"

"ಅಷ್ಟೇ."

ಅವನು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಯಾವ ಮುಖ ಇಟ್ಕೊಂಡು ಹೇಳ್ಲೇ?" ಅಂದ. ಬಕೆಟ್ ಮೇಲಿಂದ ಎದ್ದು, "ಆಯ್ತು, ಬೆಳಿಗ್ಗೆ ಹೋಗ್ತೀನಿ," ಅಂದ.

ಬೆಳಿಗ್ಗೆ ನಾನು ಏಳುವ ಮುಂಚೆಯೇ ಅವನು ಹೊರಟುಹೋಗಿದ್ದ. ಅಷ್ಟು ಬೇಗ ಎದ್ದು ಹೋಗಿದ್ದಾನೆಂದರೆ ಅವನಿಗೂ ಮನಸ್ಸಿಗೆ ತಟ್ಟಿದೆ ಅನ್ನಿಸಿತು. ನಾನು ಅಂಗಡಿಗೆ ರಜ ಹಾಕಿ ಹಳೆಯ ಬಟ್ಟೆ ಉಟ್ಟೆ, ಧೂಳಿಗೆ ಮೂಗು ಬಾಯಿ ಕಟ್ಟಿಕೊಂಡೆ, ಗ್ರೈಂಡಿಂಗ್ ಮೆಷಿನ್ನಿನ ಕಲ್ಲು ಬದಲಾಯಿಸಿದೆ. ಯಾವ ಚೌಕ ಮೊದಲು ಎಂದೂ ತೀರ್ಮಾನಿಸಿದೆ. ಕಂದು ಚೌಕ ಎರಡನೇ ಸಲ ಹೇಗೆ ಬರಬಹುದು ಎಂದು ಯೋಚಿಸುತ್ತ, ನನಗೇ ತಿಳಿಯದೆ ಅದನ್ನು ಅಣ್ಣನಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಜೋಡಿಸಿಕೊಳ್ಳುತ್ತಿದ್ದೆ.

ಹೊರಗೆ ಗೂಡ್ಸ್ ಗಾಡಿ ನಿಂತ ಸದ್ದಾಯಿತು. ಅಣ್ಣ ಮುಂದಿನ ಸೀಟಿನಿಂದ ಇಳಿದ. ಹಿಂದೆ, ಉದ್ದಕ್ಕೆ ಮಲಗಿಸಿದ್ದ ಪ್ಲಾಸ್ಟಿಕ್ ನೆಲಹಾಸಿನ ದೊಡ್ಡ ಸುರುಳಿಯಿತ್ತು. ಅದರ ಮೇಲೆ ಕಾಂಕ್ರೀಟಿನದೇ ಚಿತ್ರ ಮುದ್ರಿಸಿದ್ದರು. ಅದರ ಪಕ್ಕದಲ್ಲಿ ಅಂಗಡಿಯ ಸ್ಟ್ಯಾಂಡು, ನಾನು ಮಾಡಿದ ಅಂಗೈಯಗಲದ ಬಿಲ್ಲೆಗಳೆಲ್ಲ ಅದರಲ್ಲಿ ಹಾಗೇ ಇದ್ದವು.

"ಯಜಮಾನ್ರ ಜೊತೆ ಮಾತಾಡ್ದೆ," ಅಂದ. ಅವನ ದನಿ ತೀರಾ ಹಗುರವಾಗಿತ್ತು. "ನಡೆದು ನೋಡೋದೆಲ್ಲ ರಗಳೆ ಸಾರ್, ಸದ್ಯಕ್ಕೆ ನೆಲದ ಮೇಲೆ ಇದನ್ನ ಹಾಸಿಬಿಡೋಣ, ಬಿಲ್ಲೆ ಗೋಡೆಗೆ ಹಾಕೋಣ, ಜನ ಕೈಯಲ್ಲಿ ಹಿಡಿದು ಆರಿಸಲಿ ಅಂದೆ. ಒಪ್ಕೊಂಡ್ರು. ಇವತ್ತೇ ಶುರು. ನಿಂಗೂ ಕೆಲಸ ಉಳೀತು ನೋಡು."

"ನಾನು ಹೇಳಿದ್ದು ಹೇಳಿದ್ಯಾ?"

ಅವನು ಗಾಡಿಯವನ ಕಡೆ ತಿರುಗಿ, "ಹುಷಾರು, ಅಂಚು ಮಡಚಬಾರದು," ಅಂದ.

ಸುರುಳಿಯನ್ನು ಒಳಗೆ ತಂದು ಬಿಚ್ಚತೊಡಗಿದರು. ಅದು ಬಾಗಿಲ ಚೌಕವನ್ನು ಮುಚ್ಚಿತು, ಚಿಪ್ಸ್ ಚೌಕವನ್ನು ಮುಚ್ಚಿತು, ಕಂದು ಚೌಕದ ಮೇಲೆ ಬಂತು. ಅಮ್ಮ ಒಂದು ತುದಿ ಹಿಡಿದಿದ್ದರು. ಇನ್ನೊಂದು ತುದಿ ಮತ್ತೆ ಮತ್ತೆ ಸುತ್ತಿಕೊಂಡು ಹಿಂದಕ್ಕೆ ಬರುತ್ತಿತ್ತು.

"ಸುಮ್ನೆ ನಿಂತಿದೀಯಲ್ಲೇ," ಅಂದರು ಅಮ್ಮ. "ಆ ಕಡೆ ಸ್ವಲ್ಪ ಕಾಲಿಟ್ಟು ಒತ್ತಿಕೋ, ಅಷ್ಟೇ ಬೇಕಾಗಿರೋದು."

ನಾನು ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಮೆಷಿನ್ನಿನ ವಯರು ಸುತ್ತಿ ಗೋಡೆಯ ಬದಿಗಿಟ್ಟೆ. ಹಾಸನ್ನು ದಾಟಿ ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ.

"ಎಲ್ಲಿಗೇ?" ಎಂದು ಅಣ್ಣ ಕೂಗಿದ.

ಅವನಿಗೆ ಏನೂ ಹೇಳಬೇಕೆನಿಸಲಿಲ್ಲ.